ಕಾದಂಬರಿ ಓದಿದ ಕೈಯಿಂದ ಕಡತ ಮುಟ್ಟುವ ವಿಷಯ

ಇಲಾಖೆಯ ಹೆಸರು: (ಮೊಹರಿನಲ್ಲಿ ಸವೆದುಹೋಗಿದೆ. ಹೊಸ ಮೊಹರಿಗೆ ಬೇಡಿಕೆ ಸಲ್ಲಿಸಲಾಗಿತ್ತು. ಬೇಡಿಕೆ ಪತ್ರಕ್ಕೆ ಮೊಹರು ಬಿದ್ದಿಲ್ಲವೆಂಬ ಕಾರಣದಿಂದ ಅದು ವಾಪಸು ಬಂದಿದೆ.)
ಶಾಖೆ: ಮನೆ ನಲ್ಲಿ ಸಂಪರ್ಕ, ಮೈಸೂರು

ಸುತ್ತೋಲೆ ಸಂಖ್ಯೆ: ಮ.ನ./ಓದು/ಇತರೆ/೧೪/೧೯೫೯-೬೦

ವಿಷಯ: ಸಿಬ್ಬಂದಿಯು ಹೊರಗಿನ ಪುಸ್ತಕಗಳನ್ನು ಓದಿ, ಓದಿದಂತೆಯೇ ಯೋಚಿಸಿ, ಯೋಚಿಸಿದಂತೆಯೇ ಕಡತದಲ್ಲಿ ಬರೆಯುತ್ತಿರುವುದನ್ನು ಹದ್ದುಬಸ್ತಿನಲ್ಲಿಡುವ ಬಗ್ಗೆ.

ಉಲ್ಲೇಖ:
(೧) ಕಡತದ ಮೇಲೆ ತಲೆಯಿಟ್ಟು ಮಲಗಬಾರದೆಂಬ ಈ ಕಚೇರಿಯ ಹಿಂದಿನ ಸುತ್ತೋಲೆ.
(೨) ದೇವರಾಜ ಮೊಹಲ್ಲಾದ ಜವಳಿ ವರ್ತಕರಾದ ಶ್ರೀ ಬಸವರಾಜು ಇವರ ಲಿಖಿತ ದೂರು, ಮತ್ತು ಅವರು ಕಿಟಕಿಯ ಬಳಿ ನಿಂತು ಆಡಿದ, ದಾಖಲಿಸಲು ಯೋಗ್ಯವಲ್ಲದ ಮಾತುಗಳು.
(೩) ಕೊನೆಯ ಹಾಳೆಗಳಿಲ್ಲದ ಒಂದು ಕಾದಂಬರಿ.

೧. ಈ ಕಚೇರಿ ಆರಂಭವಾದಂದಿನಿಂದ ಇಲ್ಲಿನ ಸಿಬ್ಬಂದಿಯು ಕಡತ, ನಿಯಮಾವಳಿ ಮತ್ತು ಗೋಡೆಯ ಕ್ಯಾಲೆಂಡರಿನ ರಜಾದಿನಗಳು, ಇವಿಷ್ಟನ್ನು ಬಿಟ್ಟು ಬೇರೇನನ್ನೂ ಓದುತ್ತಿರಲಿಲ್ಲವೆಂಬುದು ಸರ್ವವಿದಿತ. ಅದರ ಫಲವಾಗಿ ಅವರ ಆಲೋಚನೆಯೂ ಕಡತದ ಆಕಾರದಲ್ಲಿಯೇ ಇತ್ತು: ಎಡಕ್ಕೆ ಅಂಚು ಬಿಟ್ಟು, ಮೂಲೆಯಲ್ಲಿ ದಾರ ಪೋಣಿಸಿ, ಮೇಲೆ ತೆಳ್ಳಗೆ ಧೂಳು ಕೂತು. ಹೆಡ್ ಗುಮಾಸ್ತರಾದ ಶ್ರೀ ರಾಮಸ್ವಾಮಿಯವರಿಗೆ ಮನೆಯಲ್ಲಿ ಉಪ್ಪು ಮುಗಿದಿದೆಯೆಂದು ಅವರ ಶ್ರೀಮತಿಯವರು ತಿಳಿಸಿದಾಗ, "ವಿಷಯ ಪರಿಶೀಲನೆಯಲ್ಲಿದೆ" ಎಂದು ಉತ್ತರಿಸಿ, ಆ ದಿನ ಸಪ್ಪೆ ಸಾರನ್ನೇ ಶಾಂತವಾಗಿ ಉಂಡಿದ್ದನ್ನು ಕಚೇರಿಯ ಶಿಸ್ತಿಗೆ ಮಾದರಿಯೆಂದು ಪರಿಗಣಿಸಲಾಗಿತ್ತು.

೨. ಈ ಸುವ್ಯವಸ್ಥೆಗೆ ಧಕ್ಕೆ ಬಂದದ್ದು, ಚಾಮರಾಜಪುರಂನಲ್ಲಿ, ಕಚೇರಿಯಿಂದ ಕಾಫಿಗೆ ಹೋಗುವ ದಾರಿಯಲ್ಲೇ, ಶ್ರೀಮತಿ ಮಂಜುಳಮ್ಮ ಎಂಬ ನಿವೃತ್ತ ಉಪಾಧ್ಯಾಯಿನಿಯವರು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಒಂದು ಲೈಬ್ರರಿ ತೆರೆದಾಗ. ಸದರಿ ಮಹಿಳೆಯವರು ಕೇಳಿದ ಪುಸ್ತಕವನ್ನು ಕೊಡುವುದಿಲ್ಲ. ಬಂದವರ ಮುಖ ನೋಡಿ, ಅವರಿಗೆ ಯಾವುದು ಬೇಕೆಂದು ತಾವೇ ತೀರ್ಮಾನಿಸಿ ಕೊಡುತ್ತಾರೆ. ಈ ಅಧಿಕಾರವನ್ನು ಅವರಿಗೆ ಯಾರು ಕೊಟ್ಟರೆಂಬುದು ತಿಳಿದುಬಂದಿಲ್ಲ. ಎರಡನೇ ದರ್ಜೆ ಗುಮಾಸ್ತರಾದ ಶ್ರೀ ಮಹದೇವು ಅವರಿಗೆ, "ನಿಮ್ಮ ಮುಖ ನೋಡಿದ್ರೆ ಹಗಲೆಲ್ಲ ತೂಕಡಿಸ್ತೀರಿ ಅನ್ಸುತ್ತೆ. ಪತ್ತೇದಾರಿ ತಗೊಂಡೋಗಿ" ಎಂದು ಹೇಳಿದ್ದು, ಆ ಊಹೆ ನಿಜವೇ ಆಗಿದ್ದರಿಂದ ಅವರು ಎದುರು ಮಾತನಾಡದೆ ಪುಸ್ತಕ ಹಿಡಿದುಕೊಂಡು ಬಂದಿದ್ದಾರೆ.

೩. ನಂತರದ ದಿನಗಳಲ್ಲಿ ಕಡತಗಳಲ್ಲಿ ಕಂಡುಬಂದ ವಿಕಾರಗಳನ್ನು ಎಲ್ಲರ ಅವಗಾಹನೆಗಾಗಿ ಕೆಳಗೆ ಕೊಡಲಾಗಿದೆ.

(ಅ) ಶ್ರೀ ಬಸವರಾಜು ಅವರು ತಮ್ಮ ಅಂಗಡಿಯ ಹಿತ್ತಲಿಗೆ ಇನ್ನೊಂದು ನಲ್ಲಿ ಕೋರಿದ ಅರ್ಜಿಯ ಮೇಲೆ ಶ್ರೀ ಮಹದೇವು ಅವರು ಬರೆದ ಟಿಪ್ಪಣಿ: "ಅರ್ಜಿದಾರರಿಗೆ ಈಗಾಗಲೇ ಒಂದು ನಲ್ಲಿ ಇದೆ. ಆದರೂ ಇನ್ನೊಂದು ಬೇಕಂತೆ. ಏಕೆ? ಅದೂ ಹಿತ್ತಲಿನಲ್ಲಿ ಏಕೆ? ಏನನ್ನು ತೊಳೆಯುವುದಕ್ಕೆ? ಅರ್ಜಿ ಬರೆದ ಮಸಿ ಕೆಂಪು." ಅಷ್ಟಕ್ಕೇ ಬಿಡದೆ ಅವರು ಕಂಬಳಿ ಹೊದ್ದು ಸದರಿ ಅಂಗಡಿಯ ಎದುರು ನಿಂತಿದ್ದಾರೆ. ಅಂಗಡಿಯವರು ಅವರನ್ನು ಗಿರಾಕಿಯೆಂದು ತಿಳಿದು ಒಳಗೆ ಕರೆದು, ಪಂಚೆ ಕೊಳ್ಳುವವರೆಗೂ ಹೊರಗೆ ಬಿಟ್ಟಿಲ್ಲ.

(ಆ) ಶ್ರೀಮತಿ ಮಂಜುಳಮ್ಮನವರಿಂದ ಪುರಾಣಕಥೆಗಳನ್ನು ಪಡೆದ ಹೆಡ್ ಗುಮಾಸ್ತ ಶ್ರೀ ರಾಮಸ್ವಾಮಿಯವರು ಇನ್ನೊಂದು ಅರ್ಜಿಯ ಮೇಲೆ, "ಅರ್ಜಿದಾರರು ಬಹುಕಾಲದಿಂದ ಬಿಸಿಲಿನಲ್ಲಿ ಒಂಟಿಕಾಲಿನಲ್ಲಿ ನಿಂತು ಕಾಯುತ್ತಿದ್ದಾರೆ. ತಪಸ್ಸಿಗೆ ಮೆಚ್ಚಿ ವರ ಕರುಣಿಸಬಹುದು. ಆದರೆ ಮುಂದೆ ಉಪಯೋಗಕ್ಕೆ ಬರುವಂತೆ ವರದಲ್ಲಿ ಒಂದು ಲೋಪ ಇಡತಕ್ಕದ್ದು" ಎಂದು ಬರೆದಿದ್ದಾರೆ. ಸದರಿ ಅರ್ಜಿದಾರರಿಗೆ ಇನ್ನೊಂದು ಕಾಲಿನಲ್ಲಿ ಆಣಿ ಆಗಿತ್ತೆಂದು ಆಮೇಲೆ ತಿಳಿದುಬಂದಿದೆ.

(ಇ) ವಾರಪತ್ರಿಕೆಯ ಧಾರಾವಾಹಿಗಳನ್ನು ಓದುವ ಟೈಪಿಸ್ಟ್ ಶ್ರೀ ಸುಂದರೇಶ ಅವರು ನೀರಿನ ಬಳಕೆದಾರರೊಬ್ಬರಿಗೆ ಕಳಿಸಿದ ನೋಟೀಸು ಹೀಗಿತ್ತು: "ನಿಮ್ಮ ಮನೆಯ ನಲ್ಲಿಯನ್ನು ಬರುವ ಸೋಮವಾರ ಬೆಳಿಗ್ಗೆ ನಮ್ಮ ಸಿಬ್ಬಂದಿಯು ಬಂದು (ಮುಂದುವರಿಯುವುದು)." ಸದರಿ ಬಳಕೆದಾರರು ಮನೆಮಂದಿಯನ್ನೆಲ್ಲ ಕರೆದುಕೊಂಡು ಕಚೇರಿಗೆ ಓಡಿಬಂದಿದ್ದು, ಅವರಿಗೆ ನೀರು ಕುಡಿಸಿ ಕಳಿಸಲಾಗಿದೆ.

೪. ಮೇಲಿನವು ಸಣ್ಣ ಪ್ರಕರಣಗಳು. ಈ ಸುತ್ತೋಲೆಗೆ ನಿಜವಾದ ಕಾರಣ ಗುಮಾಸ್ತರಾದ ಶ್ರೀ ಬೆಟ್ಟಯ್ಯನವರು. ಇವರು ಈ ಕಚೇರಿಯ ಅತ್ಯಂತ ನಂಬಿಕಸ್ತ ನೌಕರರು. ಆಕ್ಷೇಪಣೆ ಬರೆಯುವುದರಲ್ಲಿ ಅವರ ಕೈ ಎಷ್ಟು ಪಳಗಿತ್ತೆಂದರೆ, ಅರ್ಜಿ ಮೇಜಿಗೆ ಬರುವ ಮೊದಲೇ "ಲೋಪವಿದೆ, ವಾಪಸು" ಎಂದು ಬರೆದ ಚೀಟಿಗಳ ಒಂದು ಕಟ್ಟನ್ನು ಸಿದ್ಧವಾಗಿ ಇಟ್ಟಿರುತ್ತಿದ್ದರು. ಕಿಟಕಿಯ ಬಳಿ ಬಂದವರ ಕೈಯನ್ನು ಬಿಟ್ಟು ಮುಖವನ್ನು ನೋಡಿದವರೇ ಅಲ್ಲ. ಶ್ರೀ ಮಹದೇವು ಅವರು ಒಂದು ಅರ್ಜಿಯನ್ನು ಗುರುತಿಗಾಗಿ ಪತ್ತೇದಾರಿ ಪುಸ್ತಕದೊಳಗೆ ಇಟ್ಟು ಹಾಗೆಯೇ ಹಿಂದಿರುಗಿಸಿದ್ದರಿಂದ, ಅದನ್ನು ತರಲು ಶ್ರೀ ಬೆಟ್ಟಯ್ಯನವರನ್ನು ಲೈಬ್ರರಿಗೆ ಕಳಿಸಲಾಯಿತು. ಇದು ಕಚೇರಿಯ ಕಡೆಯಿಂದಲೇ ಆದ ಪ್ರಮಾದ.

೫. ಶ್ರೀಮತಿ ಮಂಜುಳಮ್ಮನವರು ಶ್ರೀ ಬೆಟ್ಟಯ್ಯನವರ ಮುಖವನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ನೋಡಿ, ರಟ್ಟು ಕಿತ್ತುಹೋದ ಒಂದು ಕಾದಂಬರಿಯನ್ನು ಅವರ ಕೈಗಿಟ್ಟರು. "ಇದರ ಕೊನೇ ಹಾಳೆಗಳನ್ನ ಯಾರೋ ಹರ್ಕೊಂಡು ಹೋಗಿದ್ದಾರೆ ಕಣ್ರೀ. ಆದ್ರೂ ತಗೊಂಡೋಗಿ. ನಿಮ್ಮಂಥೋರಿಗೆ ಕೊನೆ ಇಲ್ದೇ ಇರೋದೇ ಒಳ್ಳೇದು." ಶ್ರೀ ಬೆಟ್ಟಯ್ಯನವರು ತಾವು ಪುಸ್ತಕಕ್ಕೆ ಬಂದಿಲ್ಲವೆಂದು ಹೇಳಿದ್ದು, ಅದನ್ನು ಸದರಿ ಮಹಿಳೆಯವರು ಪರಿಗಣಿಸಿಲ್ಲ.

೬. ಸದರಿ ಕಾದಂಬರಿಯಲ್ಲಿ ಒಬ್ಬ ಹೆಂಗಸು ಇದ್ದಾಳೆ. ಗಂಡ ಯುದ್ಧಕ್ಕೆ ಹೋಗಿ ಸುದ್ದಿಯಿಲ್ಲ. ಸತ್ತನೆಂಬ ಕಾಗದವೂ ಇಲ್ಲ, ಬದುಕಿದ್ದಾನೆಂಬ ಕಾಗದವೂ ಇಲ್ಲ. ಸರ್ಕಾರದಿಂದ ಬರಬೇಕಾದ ಸಹಾಯಕ್ಕಾಗಿ ಅವಳು ಒಂದು ಕಚೇರಿಗೆ ಅಲೆಯುತ್ತಾಳೆ. ಅಲ್ಲಿನ ಗುಮಾಸ್ತ ಪ್ರತಿ ಸಲವೂ ತಲೆ ಬಗ್ಗಿಸಿಕೊಂಡೇ "ಮುಂದಿನ ವಾರ ಬಾ" ಅನ್ನುತ್ತಾನೆ. ಪುಸ್ತಕದಲ್ಲಿ ಉಳಿದಿರುವ ಕೊನೆಯ ಸಾಲು ಇದು: "ಅಂದು ಗುಮಾಸ್ತ ತಲೆ ಎತ್ತಿ ಅವಳ ಮುಖ ನೋಡಿದ. ನೋಡಿ," ಇಷ್ಟೇ. ಅಲ್ಪವಿರಾಮದ ಆಚೆಗೆ ಪುಸ್ತಕ ಇಲ್ಲ.

೭. ಇದರಿಂದ ಶ್ರೀ ಬೆಟ್ಟಯ್ಯನವರ ನೆಮ್ಮದಿ ಕೆಟ್ಟಿತು. ಆ ಗುಮಾಸ್ತ ಏನು ಹೇಳಿರಬಹುದೆಂದು ಅವರು ಕಚೇರಿಯ ಸಮಯದಲ್ಲಿ ಎಲ್ಲರನ್ನೂ ಕೇಳತೊಡಗಿದರು. ಗಂಡನನ್ನು ಕೊಂದವನು ಆ ಗುಮಾಸ್ತನೇ, ಅದಕ್ಕೇ ಅಷ್ಟು ದಿನ ಮುಖ ತೋರಿಸಲಿಲ್ಲವೆಂದು ಶ್ರೀ ಮಹದೇವು ಅವರು ಖಚಿತವಾಗಿ ತಿಳಿಸಿದರು. ಹೆಂಗಸಿನ ಪಾತಿವ್ರತ್ಯದ ತೇಜಸ್ಸಿಗೆ ಗುಮಾಸ್ತ ಅಲ್ಲೇ ಕಲ್ಲಾದನೆಂದು ಶ್ರೀ ರಾಮಸ್ವಾಮಿಯವರು ಅಭಿಪ್ರಾಯಪಟ್ಟರು. ಶ್ರೀ ಸುಂದರೇಶ ಅವರು ಮಾತ್ರ, ಅಲ್ಪವಿರಾಮಕ್ಕಿಂತ ಸೊಗಸಾದ ಮುಕ್ತಾಯ ಇರುವುದಕ್ಕೆ ಸಾಧ್ಯವೇ ಇಲ್ಲವೆಂದು ಕಣ್ಣು ಮುಚ್ಚಿಕೊಂಡರು. ಒಂದೇ ಸಾಲು, ಓದಿದ ಪುಸ್ತಕಕ್ಕೆ ತಕ್ಕಂತೆ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಆಗಿ ಬೆಳೆಯಿತೆಂಬುದನ್ನು ಸಿಬ್ಬಂದಿಯು ಗಮನಿಸತಕ್ಕದ್ದು.

೮. ಹೀಗಿರುವಾಗ, ಕೃಷ್ಣಮೂರ್ತಿಪುರಂನ ಒಂದು ವಠಾರದಲ್ಲಿ ವಾಸವಾಗಿರುವ ಶ್ರೀಮತಿ ಶಿವನಂಜಮ್ಮನವರು ಎಂದಿನಂತೆ ಕಿಟಕಿಯ ಬಳಿ ಬಂದರು. ಇವರು ಮನೆಯಲ್ಲೇ ಇಡ್ಲಿ ಮಾಡಿ ಸುತ್ತಲಿನ ಮನೆಗಳಿಗೆ ಮಾರಿ ಜೀವನ ಮಾಡುವವರು. ನೀರಿಗೆ ಬೀದಿಯ ಕೊನೆಯ ನಲ್ಲಿಯೇ ಗತಿ. ಮಳೆಗಾಲದಲ್ಲಿ ತುಂಬಿದ ಕೊಡ ಹೊತ್ತು ಬರುವಾಗ ಪಾಚಿಯ ಮೇಲೆ ಜಾರಿ ಬಿದ್ದು ಅವರ ಎಡಗೈಯ ಮಣಿಕಟ್ಟು ಮುರಿದಿತ್ತು. ಕೂಡಿಕೊಂಡ ಮೇಲೂ ಆ ಕೈಗೆ ಕೊಡ ಎತ್ತುವ ಶಕ್ತಿ ಬಂದಿರಲಿಲ್ಲ. ಮನೆಗೊಂದು ನಲ್ಲಿ ಬೇಕೆಂಬ ಅವರ ಅರ್ಜಿಯನ್ನು ಈ ಕಚೇರಿಯು ಹಲವು ವರ್ಷಗಳಿಂದ ಒಂದೇ ಕಾರಣಕ್ಕೆ ವಾಪಸು ಮಾಡುತ್ತ ಬಂದಿದೆ: ಮನೆಯ ಯಜಮಾನರ ಸಹಿ ಇಲ್ಲ. ಯಜಮಾನರು ನಾಟಕದ ಕಂಪನಿಯೊಂದರಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಕಂಪನಿಯ ಜೊತೆಯಲ್ಲಿ ಹುಬ್ಬಳ್ಳಿಯ ಕಡೆಗೆ ಹೋದವರು ತಿರುಗಿ ಬಂದಿಲ್ಲ. ಯಜಮಾನರು ಬಂದ ಮೇಲೆ ಅರ್ಜಿ ಕೊಡಿ ಎಂದು ಹಿಂದೊಮ್ಮೆ ಸಲಹೆ ನೀಡಿದಾಗ ಸದರಿ ಅರ್ಜಿದಾರರು, "ಅವ್ರು ಬಂದ್ರೆ ನಂಗೆ ನಲ್ಲಿ ಯಾಕಪ್ಪಾ? ಅವ್ರ ಕೈಲೇ ನೀರು ಹೊರಿಸ್ತೀನಿ" ಎಂದು ಹೇಳಿದ್ದು ಕಡತದಲ್ಲಿ ದಾಖಲಾಗಿದೆ.

೯. ಅಂದು ಅವರು ಅರ್ಜಿಯನ್ನು ಕಿಟಕಿಯೊಳಗೆ ಚಾಚಿದಾಗ ಶ್ರೀ ಬೆಟ್ಟಯ್ಯನವರ ಬೆರಳುಗಳು ಅಭ್ಯಾಸದಂತೆ ಚೀಟಿಯ ಕಟ್ಟಿಗೆ ಹೋದವು. ಹೋದವು ಅಲ್ಲೇ ನಿಂತವು. ಅವರು ತಲೆ ಎತ್ತಿ ಅರ್ಜಿದಾರರ ಮುಖವನ್ನು ನೋಡಿದರು. ಆಮೇಲೆ ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಎತ್ತಿಕೊಂಡು ಹೊರಗೆ ಬಂದು, "ಕೂತ್ಕಳಿ ಅಮ್ಮಾ" ಎಂದರು. ಕಿಟಕಿಯ ಹೊರಗೆ ಕುರ್ಚಿ ಇಡುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ.

ಶಿವನಂಜಮ್ಮನವರು ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು, "ಯಾಕಪ್ಪಾ? ನಮ್ಮನೆಯೋರಿಗೆ ಏನಾರಾ ಆಯ್ತಾ?" ಎಂದು ಕೇಳಿದರು.

ಸರ್ಕಾರಿ ಕಚೇರಿಯಲ್ಲಿ ತನ್ನನ್ನು ಕೂರಿಸಬೇಕಾದರೆ ಸಾವಿನ ಸುದ್ದಿಯೇ ಇರಬೇಕೆಂದು ಅವರು ಭಾವಿಸಿದ್ದರು. "ಏನೂ ಆಗಿಲ್ಲ ಕಣಮ್ಮ. ಕೂತ್ಕಳಿ ಅಂದೆ, ಅಷ್ಟೇಯ" ಎಂದು ಶ್ರೀ ಬೆಟ್ಟಯ್ಯನವರು ಹೇಳಿದ್ದನ್ನು ನಂಬಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

೧೦. ಮಾರನೆಯ ದಿನ ಶ್ರೀ ಬೆಟ್ಟಯ್ಯನವರು ಯಾರ ಅಪ್ಪಣೆಯೂ ಇಲ್ಲದೆ ಸ್ಥಳ ಪರಿಶೀಲನೆಗೆ ಹೋಗಿದ್ದಾರೆ. ಬೀದಿಯ ನಲ್ಲಿಯಿಂದ ವಠಾರದವರೆಗೆ ಒಂದು ಕೊಡವನ್ನು ತಾವೇ ಹೊತ್ತು ನೋಡಿದ್ದಾರೆ. ಕಾಲುಭಾಗ ನೀರು ಬೀದಿಗೆ, ಇನ್ನು ಕಾಲುಭಾಗ ಅವರ ಪಂಚೆಗೆ ಆಯಿತು. ಜಗಲಿಯ ಮೇಲೆ ಕೂತಿದ್ದವರು ನಕ್ಕರು. "ಬುಡಿ ಸ್ವಾಮಿ, ನಿಮ್ಗಾಗಲ್ಲ" ಎಂದು ಶಿವನಂಜಮ್ಮನವರು ಅವರ ಸೊಂಟದಿಂದ ಕೊಡ ಇಳಿಸಿಕೊಂಡರು. ಇಳಿಸಿಕೊಳ್ಳುವಾಗ ಆಕೆಯ ಎಡಗೈ ಭಾರ ತಾಳದೆ ಜಗ್ಗಿದ್ದನ್ನು ಶ್ರೀ ಬೆಟ್ಟಯ್ಯನವರು ಕಂಡಿದ್ದಾರೆ. ಅದೇ ಮಧ್ಯಾಹ್ನ, ಒದ್ದೆ ಪಂಚೆಯಲ್ಲೇ ಕೂತು ಅವರು ಕಡತದಲ್ಲಿ ಬರೆದದ್ದು: "ಮನೆಯ ಯಜಮಾನರೆಂದರೆ ಬೆಳಿಗ್ಗೆ ಎದ್ದು ಒಲೆ ಹೊತ್ತಿಸುವವರು. ಒಲೆ ಹೊತ್ತಿಸುವವರ ಹೆಬ್ಬೆಟ್ಟು ಅರ್ಜಿಯಲ್ಲಿದೆ. ಮಂಜೂರು ಮಾಡಬಹುದು."

೧೧. ಸದರಿ ಕಡತವು ಕೆಳಗೆ ಸಹಿ ಮಾಡಿರುವವರ ಮೇಜಿಗೆ ಬಂದಾಗ, ಅವರು ತಮ್ಮ ಸೇವಾವಧಿಯ ಪದ್ಧತಿಯಂತೆ ಓದದೆ ಸಹಿ ಮಾಡಿದರು. ನಲ್ಲಿ ಮಂಜೂರಾಯಿತು. ಫಿಟ್ಟರ್ ಶ್ರೀ ಚಿಕ್ಕಯ್ಯನವರು ಪೈಪು ಎಳೆದು ಕೊಟ್ಟರು. ವಠಾರದವರೆಲ್ಲ ಸೇರಿ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿದರು. ಓದದೇ ಇರುವುದರಿಂದಲೂ ಕೆಲವೊಮ್ಮೆ ಒಳ್ಳೆಯದಾಗುತ್ತದೆಂದು ವಾದಿಸುವವರು ಈ ಅಂಶವನ್ನು ಉಪಯೋಗಿಸಿಕೊಳ್ಳಬಾರದು.

೧೨. ಕಡತಕ್ಕೆ ದಾರ ಹಾಕುವಾಗ ಶ್ರೀ ರಾಮಸ್ವಾಮಿಯವರು ಯಜಮಾನರ ಸಹಿಯ ಜಾಗದಲ್ಲಿ ಹೆಂಗಸಿನ ಹೆಬ್ಬೆಟ್ಟನ್ನು ಕಂಡು, "ಅಪಚಾರ! ಘೋರ ಅಪಚಾರ!" ಎಂದು ಕೂಗಿದ್ದರಿಂದ ವಿಷಯ ಬೆಳಕಿಗೆ ಬಂತು. ನಲ್ಲಿಯನ್ನು ಕಿತ್ತುಹಾಕುವುದು, ಶ್ರೀ ಬೆಟ್ಟಯ್ಯನವರನ್ನು ಕೆಲಸದಿಂದ ತೆಗೆಯಲು ಮೇಲಕ್ಕೆ ಬರೆಯುವುದು, ಇವೆರಡನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ವಿಚಾರಣೆಯಲ್ಲಿ ಶ್ರೀ ಬೆಟ್ಟಯ್ಯನವರು ನೀಡಿದ ಹೇಳಿಕೆಯನ್ನು ಅವರ ಮಾತಿನಲ್ಲೇ ಕೊಡಲಾಗಿದೆ:

"ಮೊದ್ಲು ಅರ್ಜಿ ಓದ್ವಾಗ ಲೋಪ ಎಲ್ಲಿ ಅದೆ ಅಂತ ಹುಡುಕ್ತಿದ್ದೆ ಸ್ವಾಮಿ. ಈಗ ಓದ್ವಾಗ ಮುಂದೇನಾಯ್ತು ಅಂತ ಹುಡುಕ್ತೀನಿ. ಕಣ್ಣು ಅದೇಯ, ಹುಡುಕೋದು ಬೇರೆ ಆಗೋಗದೆ. ಆಯಮ್ಮ ನಮ್ ಕಿಟಕಿ ಬುಟ್ಟು ಹೋದ್ಮೇಲೆ ಏನ್ ಮಾಡ್ತಾರೆ ಅಂತ ಇಷ್ಟು ವರ್ಷ ನಂಗೆ ಒಂದಿನಾನೂ ಹೊಳೀನಿಲ್ಲ."

ಕೆಲಸ ಹೋಗಬಹುದೆಂದು ತಿಳಿದಿತ್ತೇ ಎಂಬ ಪ್ರಶ್ನೆಗೆ: "ತಿಳ್ದಿತ್ತು. ಹೋದ್ರೆ ಹೋಗ್ಲಿ ಅನ್ನೋ ಧೈರ್ಯ ನಂಗಿಲ್ಲ. ಮನೇಲಿ ನಮ್ಮವ್ವ ಅವ್ಳೆ, ಹೆಂಡ್ತಿ ಮಕ್ಳವ್ರೆ. ನಂಗೇನ್ ಮಾಡ್ತೀರೋ ಮಾಡಿ ಸ್ವಾಮಿ, ಆ ನಲ್ಲಿ ಮಾತ್ರ ಕೀಳಿಸ್ಬೇಡಿ."

೧೩. ಸದರಿ ಕಾದಂಬರಿಯನ್ನು ಸಾಕ್ಷ್ಯವಾಗಿ ವಶಪಡಿಸಿಕೊಳ್ಳಲಾಯಿತು. ಸಾಕ್ಷ್ಯವನ್ನು ಪರಿಶೀಲಿಸುವುದು ವಿಚಾರಣಾಧಿಕಾರಿಯ ಕರ್ತವ್ಯವಾದ್ದರಿಂದ, ಕೆಳಗೆ ಸಹಿ ಮಾಡಿರುವವರು ತಮ್ಮ ಕೊಠಡಿಯ ಬಾಗಿಲು ಹಾಕಿಕೊಂಡು ಅದನ್ನು ಓದಿದರು. ನೋಡಲು ಬಂದವರಿಗೆ ದಫೇದಾರರು, "ಸಾಹೇಬ್ರು ತನಿಖೆ ಮಾಡ್ತಾವ್ರೆ, ಯಾರೂ ಹೋಗಂಗಿಲ್ಲ" ಎಂದು ಹೇಳಿದ್ದು ಸರಿಯಷ್ಟೆ. ಕೊಠಡಿಯೊಳಗಿಂದ ಮೂಗು ಸೀಟಿದ ಸದ್ದು ಕೇಳಿಸಿತೆಂಬ ವದಂತಿಗೆ ಸಿಬ್ಬಂದಿಯು ಕಿವಿಗೊಡಬಾರದು. ಮಧ್ಯಾಹ್ನದ ಊಟದ ಡಬ್ಬಿ ತೆರೆಯದೆ ಮನೆಗೆ ವಾಪಸು ಹೋಯಿತೆಂಬುದು ಕೌಟುಂಬಿಕ ವಿಷಯ.

೧೪. ಅಲ್ಪವಿರಾಮಕ್ಕೆ ಬಂದು ನಿಂತ ಮೇಲೆ ಕೆಳಗೆ ಸಹಿ ಮಾಡಿರುವವರು ಟೋಪಿ ಧರಿಸಿ ಲೈಬ್ರರಿಗೆ ಹೋಗಿ, ಉಳಿದ ಹಾಳೆಗಳನ್ನು ತಕ್ಷಣ ಹಾಜರುಪಡಿಸುವಂತೆ ಶ್ರೀಮತಿ ಮಂಜುಳಮ್ಮನವರಿಗೆ ಸೂಚಿಸಿದರು.

"ಇದ್ದಿದ್ರೆ ಕೊಡ್ತಿರ್ಲಿಲ್ವೇನ್ರೀ?" ಎಂದರು ಅವರು. "ನಾನೇ ಅದನ್ನ ಓದಿ ಎಷ್ಟೋ ವರ್ಷ ಆಯ್ತು, ಕೊನೆ ಮರ್ತೇಹೋಗಿದೆ. ತಗೊಂಡೋದೋರೆಲ್ಲ ವಾಪಸ್ ಕೊಡ್ವಾಗ ತಮ್ ತಮ್ಮ ಕೊನೆ ಹೇಳಿ ಹೋಗ್ತಾರೆ. ನೀವೇನ್ ಮಾಡ್ತೀರಿ ಸಾರ್?"

ಪ್ರಶ್ನೆಯು ಕಾದಂಬರಿಗೆ ಸಂಬಂಧಿಸಿದ್ದೋ ಕಚೇರಿಗೆ ಸಂಬಂಧಿಸಿದ್ದೋ ಎಂಬುದು ಸ್ಪಷ್ಟವಾಗದ ಕಾರಣ ಅದನ್ನು ಪರಿಶೀಲನೆಯಲ್ಲಿಟ್ಟು ವಾಪಸು ಬರಲಾಯಿತು.

೧೫. ನಂತರ ನಿಯಮದ ಪ್ರಕಾರ ನಲ್ಲಿಯನ್ನು ಕೀಳಿಸುವ ಸಲುವಾಗಿ, ಫಿಟ್ಟರ್ ಚಿಕ್ಕಯ್ಯನವರನ್ನು ಪೈಪು ಬಿಚ್ಚುವ ಪಾನಾ ಸಮೇತ ಕರೆದುಕೊಂಡು ಕೃಷ್ಣಮೂರ್ತಿಪುರಂಗೆ ಹೋಗಲಾಯಿತು. ಸಾಕ್ಷ್ಯದ ಪುಸ್ತಕವು ಕಂಕುಳಲ್ಲೇ ಇತ್ತು. ಶಿವನಂಜಮ್ಮನವರು ಒರಳಿನ ಮುಂದೆ ಕೂತು ಬಲಗೈಯಲ್ಲಿ ಹಿಟ್ಟು ರುಬ್ಬುತ್ತಿದ್ದರು. ಪಕ್ಕದಲ್ಲೇ ನಲ್ಲಿ. ನಲ್ಲಿಯ ಕೆಳಗೆ ಕೊಡ, ಕೊಡಕ್ಕೆ ಬೀಳುತ್ತಿದ್ದ ನೀರು. ಅಧಿಕಾರಿಗಳನ್ನು ಕಂಡು ಅವರು ಎದ್ದು ಎರಡು ಮಣೆ ಹಾಕಿ ಇಡ್ಲಿ ಬಡಿಸಿದರು. ಕೆಳಗೆ ಸಹಿ ಮಾಡಿರುವವರು ಕರ್ತವ್ಯದ ಮೇಲೆ ಇದ್ದುದರಿಂದ ನಿರಾಕರಿಸಿದರು. ಚಿಕ್ಕಯ್ಯನವರು ನಿರಾಕರಿಸಲಿಲ್ಲ.

"ಕಂಕುಳಲ್ಲಿ ಅದೇನು ಬುದ್ಧಿ? ನಮ್ ಅರ್ಜೀನಾ?" ಎಂದು ಶಿವನಂಜಮ್ಮನವರು ಕೇಳಿದರು. ಅವರಿಗೆ ಓದು ಬಾರದು. ಆದ್ದರಿಂದ ಅದು ಕಥೆಯ ಪುಸ್ತಕವೆಂದು ವಿವರಿಸಬೇಕಾಯಿತು. ವಿವರಿಸುತ್ತ ಕಥೆಯನ್ನೂ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಕೆಳಗೆ ಸಹಿ ಮಾಡಿರುವವರು ತಮಗೆ ತಿಳಿಯದಂತೆಯೇ ಮಣೆಯ ಮೇಲೆ ಕೂತಿದ್ದರು. ಶಿವನಂಜಮ್ಮನವರು ಒಂದೇ ಒಂದು ಸಲ ನಡುವೆ ಬಾಯಿ ಹಾಕಿದರು.

"ಆಯಮ್ಮ ಕೊಟ್ಟ ಕಾಗ್ದುಕ್ಕೆ ರಸೀತಿ ಈಸ್ಕೊಂಡಿದ್ಳಾ ಬುದ್ಧಿ?"

ಪುಸ್ತಕದಲ್ಲಿ ರಸೀತಿಯ ಪ್ರಸ್ತಾಪವಿಲ್ಲವೆಂದು ತಿಳಿಸಲಾಯಿತು.

"ಅದುಕ್ಕೇಯ. ಒಂದ್ ನಕಲು ಇಟ್ಕೊಂಡು, ಮ್ಯಾಲಿನೋರಿಗೆ ಒಂದ್ ಕೊಡ್ಬೇಕಾಗಿತ್ತು. ಸುಮ್ಕೆ ಅತ್ಕೊಂಡ್ ಕೂತ್ರೆ ಆದಾದೇ?"

ಇಷ್ಟು ವರ್ಷ ಈ ಕಚೇರಿಯ ಕಾಗದಗಳನ್ನು ಬೇರೆಯವರ ಬಾಯಲ್ಲಿ ಓದಿಸಿ ಕೇಳಿ ಕೇಳಿ, ಕಥೆಯೊಳಗಿನ ಹೆಂಗಸಿನ ಕಷ್ಟವೂ ಅವರಿಗೆ ಅರ್ಜಿಯಂತೆಯೇ ಕಾಣಿಸಿತು. ಕೊನೆಯಲ್ಲಿ, ಆ ಗುಮಾಸ್ತ ತಲೆ ಎತ್ತಿ ನೋಡಿ ಏನು ಹೇಳಿರಬಹುದೆಂದು ಅವರನ್ನೂ ಕೇಳಲಾಯಿತು.

"ಏನಂದಿರ್ತಾನೆ? ಮುಂದಿನ್ ವಾರ ಬಾ ಅಂದಿರ್ತಾನೆ" ಎಂದರು ಶಿವನಂಜಮ್ಮನವರು, ಹಿಟ್ಟನ್ನು ಬಳಿದು ಪಾತ್ರೆಗೆ ಹಾಕುತ್ತ. "ಆ ಊರಲ್ಲಿ ನಮ್ ಬೆಟ್ಟಯ್ಯನೋರು ಇರ್ನಿಲ್ವಲ್ಲ ಬುದ್ಧಿ."

ಕೆಳಗೆ ಸಹಿ ಮಾಡಿರುವವರ ಕಣ್ಣಿಗೆ ಒಲೆಯ ಹೊಗೆ ತಗುಲಿತು. ಒಲೆ ಆಗ ಆರಿತ್ತೆಂಬುದನ್ನು ದಾಖಲೆಯ ಹಿತದೃಷ್ಟಿಯಿಂದ ನಮೂದಿಸಲಾಗಿದೆ. "ಕಿತ್ತಾಕ್ಲಾ ಸ್ವಾಮಿ?" ಎಂದು ಚಿಕ್ಕಯ್ಯನವರು ಕೈ ತೊಳೆದುಕೊಂಡು ಬಂದು ಕೇಳಿದರು. ಅವರು ಕೈ ತೊಳೆದದ್ದು ಅದೇ ನಲ್ಲಿಯಲ್ಲಿ. ನಲ್ಲಿ ಸೋರುತ್ತಿಲ್ಲವೇ ನೋಡಿ, ಸೋರುತ್ತಿದ್ದರೆ ಬಿಗಿ ಮಾಡಿ ಎಂದು ಅವರಿಗೆ ಆದೇಶಿಸಲಾಯಿತು.

೧೬. ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಗಿನಂತೆ ಆಜ್ಞೆ ಮಾಡಲಾಗಿದ್ದು, ತಪ್ಪದೆ ಪಾಲಿಸಲು ಈ ಮೂಲಕ ಸೂಚಿಸಲಾಗಿದೆ:

(ಅ) ಶ್ರೀಮತಿ ಶಿವನಂಜಮ್ಮನವರ ನಲ್ಲಿಯನ್ನು, ಅವರ ಯಜಮಾನರು ಖುದ್ದಾಗಿ ಬಂದು ಹಾರ್ಮೋನಿಯಂ ಸಮೇತ ಆಕ್ಷೇಪಣೆ ಸಲ್ಲಿಸುವವರೆಗೆ, ತಾತ್ಕಾಲಿಕವಾಗಿ ಶಾಶ್ವತಗೊಳಿಸಲಾಗಿದೆ. ಇದೇ ಸ್ಥಿತಿಯಲ್ಲಿರುವ ಇತರ ಹೆಂಗಸರ ಹಳೆಯ ಅರ್ಜಿಗಳನ್ನೂ ಇದೇ ರೀತಿ ವಿಲೇವಾರಿ ಮಾಡತಕ್ಕದ್ದು.

(ಆ) ಪ್ರತಿಯೊಬ್ಬ ನೌಕರರೂ ಬೆಳಿಗ್ಗೆ ಕಚೇರಿ ಪ್ರವೇಶಿಸುವಾಗ ತಾವು ಈಗ ಓದುತ್ತಿರುವ ಪುಸ್ತಕ ಯಾವುದು, ಕಥೆ ಎಲ್ಲಿಗೆ ಬಂದಿದೆ, ಮನಸ್ಸು ಯಾವ ಪಾತ್ರದ ಕಡೆಗಿದೆ ಎಂಬುದನ್ನು ದಫೇದಾರರಿಗೆ ತಿಳಿಸತಕ್ಕದ್ದು. ದಫೇದಾರರು ಕಥೆಯ ಮುಂದಿನ ಭಾಗ ಹೇಳಬೇಕೆಂದು ಒತ್ತಾಯಿಸಬಾರದು.

(ಇ) ಪತ್ತೇದಾರಿ ಓದುವವರು, ಕೊಲೆಗಾರ ಯಾರೆಂದು ಗೊತ್ತಾಗುವವರೆಗೆ ಸಾರ್ವಜನಿಕರ ಅರ್ಜಿ ಮುಟ್ಟಬಾರದು. ತುರ್ತು ಸಂದರ್ಭದಲ್ಲಿ ಕೊನೆಯ ಅಧ್ಯಾಯವನ್ನು ಮೊದಲೇ ಓದಿ ಮುಗಿಸಲು ಅರ್ಧ ದಿನದ ರಜೆ ನೀಡಲಾಗುವುದು.

(ಈ) ಪುರಾಣ ಓದುವವರು ಸಾರ್ವಜನಿಕರಿಗೆ ವರ ಅಥವಾ ಶಾಪ ಕೊಡುವುದನ್ನು ನಿಷೇಧಿಸಲಾಗಿದೆ. ಅನಿವಾರ್ಯವಾದಲ್ಲಿ ಶಾಪವನ್ನು ಎರಡು ಪ್ರತಿಗಳಲ್ಲಿ ಕೊಟ್ಟು, ವಿಮೋಚನೆಯ ವಿಧಾನವನ್ನು ಲಗತ್ತಿಸತಕ್ಕದ್ದು.

(ಉ) ಧಾರಾವಾಹಿ ಓದುವವರು ವಾಕ್ಯವನ್ನು ಪೂರ್ತಿ ಮಾಡಿಯೇ ಮನೆಗೆ ಹೋಗತಕ್ಕದ್ದು.

(ಊ) ಕರುಣರಸದ ಕಾದಂಬರಿಗಳನ್ನು ಓದಿದವರು ಕಡತದ ಮೇಲೆ ಅಳಬಾರದು, ಮಸಿ ಹರಡುತ್ತದೆ. ಪಕ್ಕಕ್ಕೆ ತಿರುಗಿ ಅಳತಕ್ಕದ್ದು. ಹೀರುಕಾಗದವನ್ನು ಕಣ್ಣಿಗೆ ಬಳಸಿದಲ್ಲಿ ಹಿಂದಿರುಗಿಸಬೇಕಾಗಿಲ್ಲ.

(ಋ) ಕವನ ಓದುವವರ ಸಮಸ್ಯೆ ಬೇರೆ ತರಹದ್ದು. ಅವರು ಸಾಲು ತುಂಬುವ ಮೊದಲೇ ಕೆಳಗಿನ ಸಾಲಿಗೆ ಹೋಗಿಬಿಡುವುದರಿಂದ ಕಚೇರಿಯ ಕಾಗದ ಬೇಗ ಮುಗಿಯುತ್ತಿದೆ. ಅವರ ಬಗ್ಗೆ ಪ್ರತ್ಯೇಕ ಸುತ್ತೋಲೆಯನ್ನು, ಕಾಗದ ಬಂದ ಮೇಲೆ, ಹೊರಡಿಸಲಾಗುವುದು.

(ಎ) ಏನನ್ನೂ ಓದದವರಿಗೆ ಮೇಲಿನ ನಿಯಮಗಳಿಂದ ವಿನಾಯಿತಿ ಇದೆ. ಆದರೆ ಅವರು ತಮ್ಮ ತಲೆಯೊಳಗೆ ಹೊರಗಿನಿಂದ ಏನೂ ಹೋಗಿಲ್ಲವೆಂದು, ಅವರನ್ನು ಚೆನ್ನಾಗಿ ಬಲ್ಲ ಇಬ್ಬರಿಂದ ದೃಢೀಕರಣ ತರತಕ್ಕದ್ದು.

(ಏ) ನಿಯಮ ಮೀರಿ ನಡೆದ ಶ್ರೀ ಬೆಟ್ಟಯ್ಯನವರಿಗೆ ಶಿಕ್ಷೆಯಾಗಿ, ಇನ್ನು ಮುಂದೆ ಕಚೇರಿಗೆ ಬರುವ ಪ್ರತಿಯೊಂದು ಅರ್ಜಿಯನ್ನೂ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಅವರೇ ಓದತಕ್ಕದ್ದೆಂದು ವಿಧಿಸಲಾಗಿದೆ. ಶಿಕ್ಷೆಯನ್ನು ಓದಿ ಹೇಳಿದಾಗ ಅವರು ನಕ್ಕಿದ್ದು ಸೇವಾ ಪುಸ್ತಕದಲ್ಲಿ ದಾಖಲಾಗಿದೆ.

(ಐ) ಕಡತವನ್ನು ಓದದೆ ಸಹಿ ಮಾಡಿದ್ದಕ್ಕಾಗಿ ಕೆಳಗೆ ಸಹಿ ಮಾಡಿರುವವರಿಂದ ಕೆಳಗೆ ಸಹಿ ಮಾಡಿರುವವರು ಸಮಜಾಯಿಷಿ ಕೇಳಿದ್ದು, ಬಂದ ಉತ್ತರ ತೃಪ್ತಿಕರವಾಗಿಲ್ಲ. ಕಠಿಣ ಎಚ್ಚರಿಕೆ ನೀಡಿ ಬಿಡಲಾಗಿದೆ.

೧೭. ಈ ಸುತ್ತೋಲೆಯು ಇಷ್ಟು ಉದ್ದವಾದದ್ದೇಕೆ, ನಡುನಡುವೆ ಜನ ಮಾತನಾಡುವುದೇಕೆ ಎಂದು ಕೆಲವರು ಕೇಳಬಹುದು. ಕರಡನ್ನು ಮೊದಲು ಮೂರು ಸಾಲಿನಲ್ಲಿ ಬರೆಯಲಾಗಿತ್ತು. ಓದಿ ನೋಡಿದಾಗ ಅದರಲ್ಲಿ ಯಾರೂ ಇರಲಿಲ್ಲ.

ಸಹಿ/-
(ಚನ್ನಬಸವಯ್ಯ)
ಸೂಪರಿಂಟೆಂಡೆಂಟರು

ಪ್ರತಿಗಳು:

೧. ಎಲ್ಲ ಸಿಬ್ಬಂದಿಗೆ. ಓದಿದ್ದೇವೆಂದು ಸಹಿ ಮಾಡಿ ಹಿಂದಿರುಗಿಸುವುದು. ಸಹಿ ಮಾಡುವ ಮೊದಲು ಓದುವುದು.

೨. ಶ್ರೀಮತಿ ಮಂಜುಳಮ್ಮನವರಿಗೆ, ಸಾಕ್ಷ್ಯದ ಪುಸ್ತಕದ ಸಮೇತ. ಕೆಳಗೆ ಸಹಿ ಮಾಡಿರುವವರ ಮುಖವನ್ನು ಬಿಡುವಾದಾಗ ಇನ್ನೊಮ್ಮೆ ನೋಡಿ, ಸೂಕ್ತವಾದದ್ದನ್ನು ತೆಗೆದಿಡಲು ಕೋರಿದೆ.

೩. ಶ್ರೀಮತಿ ಶಿವನಂಜಮ್ಮನವರಿಗೆ. ಪಕ್ಕದ ಮನೆಯವರು ಗಟ್ಟಿಯಾಗಿ ಓದಿ ಹೇಳತಕ್ಕದ್ದು.

೪. ಶ್ರೀಮತಿ ಶಿವನಂಜಮ್ಮನವರ ಯಜಮಾನರಿಗೆ, ವಿಳಾಸ ದೊರೆತ ಕೂಡಲೇ.

೫. ಕಾದಂಬರಿ ಬರೆಯುವ ಸಮಸ್ತರಿಗೆ. ಕಥೆಯ ಕೊನೆಯನ್ನು ಹರಿಯಲು ಸುಲಭವಲ್ಲದ ನಡುಭಾಗದಲ್ಲಿ ಮುದ್ರಿಸುವ ಸಾಧ್ಯತೆಯನ್ನು ಪರಿಶೀಲಿಸಲು.

೬. ಕಚೇರಿಯ ಸೂಚನಾ ಫಲಕಕ್ಕೆ. ಸಾರ್ವಜನಿಕರಿಗೆ ಓದುವ ಚಟ ಇದರಿಂದಲೇ ಆರಂಭವಾಗದಂತೆ, ಅಕ್ಷರಗಳಿರುವ ಭಾಗ ಗೋಡೆಯ ಕಡೆಗೆ ಬರುವಂತೆ ಅಂಟಿಸತಕ್ಕದ್ದು.